ಮೂರನೇ ‘ಕೆ’ ಎಲ್ಲಿ ಹೋಯಿತು?

(ಭಾಷೆಯ ಹುಚ್ಚಿರುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಅಕ್ಷರಗಳ ಹೆಸರು ಹೇಳಿ ವಿವರಿಸಿದ್ದೇನೆ. ಉಳಿದಂತೆ ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಭಾಷಾವಿಜ್ಞಾನ ಓದಿದವನಲ್ಲ. ಓಸ್ಲೋದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿರುವವನು. ಮಗಳು ಅಲ್ಲಿನ ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಾಳೆ. ಮಕ್ಕಳು ಬ್ಯಾಂಡಿಗೆ ಸೇರಿದರೆ ಅಪ್ಪ ಅಮ್ಮನೂ ಸೇರಿದ ಹಾಗೇ. ನಾರ್ವೆಯಲ್ಲಿ ‘ದೂಗ್ನಾದ್’ ಅಂತ ಒಂದು ಪದ್ಧತಿ ಇದೆ. ಊರಿನ ಕೆಲಸ, ಶಾಲೆಯ ಕೆಲಸ, ಕಟ್ಟಡದ ಅಂಗಳ ಗುಡಿಸುವ ಕೆಲಸ, ಎಲ್ಲರೂ ಬಂದು ಬಿಟ್ಟಿಯಾಗಿ ಮಾಡಿಕೊಡಬೇಕು. ಒಬ್ಬರು ಕೇಕ್ ಮಾಡಿ ತರುತ್ತಾರೆ, ಒಬ್ಬರು ಕುರ್ಚಿ ಜೋಡಿಸುತ್ತಾರೆ. ನನಗೆ ಕೇಕ್ ಬರುವುದಿಲ್ಲ. ಕಂಪ್ಯೂಟರ್ ಬರುತ್ತದೆ ಅಂತ ಮೇ 17ರ ಕಾರ್ಯಕ್ರಮದ ಕರಪತ್ರ ಮಾಡುವ ಕೆಲಸ ನನ್ನ ತಲೆಗೆ ಬಂತು.

ಮೇ 17 ಅಂದರೆ ನಾರ್ವೆಗೆ ನಮ್ಮ ಆಗಸ್ಟ್ 15, ಜನವರಿ 26 ಎರಡೂ ಒಂದಾದ ಹಾಗೆ. 1814ರಲ್ಲಿ ಆ ದಿನ ಐಡ್ಸ್‌ವೋಲ್ ಎಂಬಲ್ಲಿ ಸಂವಿಧಾನಕ್ಕೆ ಸಹಿ ಬಿತ್ತು. ಅದಕ್ಕೆ ಮೊದಲು ನಾಲ್ಕು ಶತಮಾನಕ್ಕೂ ಜಾಸ್ತಿ ಕಾಲ ಡೆನ್ಮಾರ್ಕಿನ ಜೊತೆ ಇದ್ದ ದೇಶ ಅದು. ಆವತ್ತು ಸೈನ್ಯದ ಪರೇಡ್ ದೊಡ್ಡದಲ್ಲ, ಮಕ್ಕಳ ಮೆರವಣಿಗೆಯೇ ದೊಡ್ಡದು. ಓಸ್ಲೋದಲ್ಲಿ ಶಾಲೆ ಶಾಲೆಯ ಮಕ್ಕಳು ಬ್ಯಾಂಡ್ ಬಾರಿಸಿಕೊಂಡು ಅರಮನೆಯ ಮುಂದೆ ಹೋಗುತ್ತಾರೆ. ರಾಜನ ಮನೆಯವರು ಮಹಡಿಯಲ್ಲಿ ನಿಂತು ಕೈ ಬೀಸುತ್ತಾರೆ.

ಈ ಬ್ಯಾಂಡಿಗೆ ಅವರ ಮಾತಿನಲ್ಲಿ ‘ಮುಸಿಕ್ಕೊರ್ಪ್ಸ್’ ಅನ್ನುತ್ತಾರೆ. ‘ಮುಸಿಕ್’ ಅಂದರೆ ಸಂಗೀತ, ‘ಕೊರ್ಪ್ಸ್’ ಅಂದರೆ ದಳ. ನನ್ನ ಕರಪತ್ರದಲ್ಲಿ ಈ ಪದ ಸಾಲಿನ ಕೊನೆಗೆ ಬಂದು, ಜಾಗ ಸಾಲದೆ ಎರಡು ತುಂಡಾಗಿತ್ತು. ಮೇಲಿನ ಸಾಲಿನಲ್ಲಿ ‘ಮುಸಿಕ್’, ಒಂದು ಹೈಫನ್, ಕೆಳಗಿನ ಸಾಲಿನಲ್ಲಿ ‘ಕೊರ್ಪ್ಸ್’. ಮುನ್ನೂರು ಪ್ರತಿ ಮುದ್ರಣವೂ ಆಗಿತ್ತು. ನನ್ನ ಕಣ್ಣಿಗೆ ಎಲ್ಲಾ ಸರಿಯಾಗೇ ಕಂಡಿತ್ತು.

ಬ್ಯಾಂಡಿನ ಕೆಲಸ ನೋಡಿಕೊಳ್ಳುವವರಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಕರಪತ್ರ ಕೈಗೆ ತೆಗೆದುಕೊಂಡರು. ಕನ್ನಡಕ ಏರಿಸಿದರು. ಆ ಹೈಫನ್ ಮೇಲೆ ಬೆರಳಿಟ್ಟು ತುಂಬಾ ಮೃದುವಾಗಿ ಹೇಳಿದರು: “ಇದು ಡೇನಿಶ್ ಆಗಿಬಿಟ್ಟಿದೆಯಲ್ಲಾ.”

ಡೆನ್ಮಾರ್ಕಿನಿಂದ ಬಿಡಿಸಿಕೊಂಡ ಹಬ್ಬದ ಕರಪತ್ರದಲ್ಲಿ, ಒಂದೇ ಒಂದು ಹೈಫನ್‌ನಿಂದ, ನಾನು ನಾರ್ವೆಯ ಪದವನ್ನು ವಾಪಸ್ ಡೆನ್ಮಾರ್ಕಿಗೆ ಕೊಟ್ಟುಬಿಟ್ಟಿದ್ದೆ! ಹೇಗೆ ಅನ್ನುವುದು ಅವತ್ತು ಅರ್ಥವಾಗಲಿಲ್ಲ. ಇವತ್ತಿನ ಮಾತೆಲ್ಲಾ ಅದರದೇ.

ನಾರ್ವೇಜಿಯನ್ನಿನಲ್ಲಿ ಎರಡು ಮೂರು ಪದ ಸೇರಿ ಒಂದು ಅರ್ಥ ಬಂದರೆ, ಬರೆಯುವಾಗಲೂ ಸೇರಿಸಿಯೇ ಬರೆಯಬೇಕು. ನಡುವೆ ಜಾಗ ಬಿಡುವ ಹಾಗಿಲ್ಲ. ನಮ್ಮಲ್ಲಿ ‘ತಲೆನೋವು’ ಅಂತ ಬರೆದರೂ ‘ತಲೆ ನೋವು’ ಅಂತ ಬರೆದರೂ ಯಾರೂ ಜಗಳಕ್ಕೆ ಬರುವುದಿಲ್ಲ. ಅಲ್ಲಿ ಬರುತ್ತಾರೆ. ಬೇರೆ ಬೇರೆ ಬರೆಯುವ ಈ ತಪ್ಪಿಗೆ ‘ಸ್ಯಾರ್‌ಸ್ಕ್ರೀವಿಂಗ್’ ಅಂತ ಹೆಸರೇ ಇದೆ. ಅಂಗಡಿಯ ಬೋರ್ಡುಗಳಲ್ಲಿ ಇದನ್ನು ಹುಡುಕಿ ನಗುವುದು ಅವರಿಗೊಂದು ಹವ್ಯಾಸ.

ನಗು ಯಾಕೆ ಅಂದರೆ, ಜಾಗ ಬಿಟ್ಟರೆ ಅರ್ಥವೇ ಬೇರೆಯಾಗುತ್ತದೆ. ‘ಲಮ್ಮೆಲೋರ್’ ಅಂದರೆ ಕುರಿಮರಿಯ ತೊಡೆ ಮಾಂಸ. ‘ಲಮ್ಮೆ ಲೋರ್’ ಅಂತ ಬಿಡಿಸಿದರೆ ಲಕ್ವ ಹೊಡೆದ ತೊಡೆಗಳು! ‘ರೋಯ್ಕ್‌ಫ್ರಿತ್’ ಅಂದರೆ ಇಲ್ಲಿ ಹೊಗೆ ನಿಷಿದ್ಧ. ‘ರೋಯ್ಕ್ ಫ್ರಿತ್’ ಅಂದರೆ ಧಾರಾಳವಾಗಿ ಸೇದಿ. ನನಗೆ ತುಂಬಾ ಇಷ್ಟವಾದದ್ದು ಅನಾನಸಿನದು. ಹೌದು, ಅವರೂ ಅದಕ್ಕೆ ‘ಅನನಸ್’ ಅಂತಲೇ ಹೇಳುವುದು. ‘ಬೀತರ್’ ಅಂದರೆ ಚೂರುಗಳು. ಆದರೆ ‘ಕಚ್ಚುತ್ತದೆ’ ಅಂತಲೂ ಅರ್ಥವಿದೆ. ಡಬ್ಬಿಯ ಮೇಲೆ ಸೇರಿಸಿ ಬರೆದರೆ ಅನಾನಸ್ ಚೂರು. ಬಿಡಿಸಿ ಬರೆದರೆ ‘ಅನಾನಸ್ ಕಚ್ಚುತ್ತದೆ’.

ಅವರಿಗೆ ಇದು ಬರೀ ವ್ಯಾಕರಣದ ಹಟವಲ್ಲ. ಸೇರಿದ ಪದವನ್ನು ಬಾಯಲ್ಲಿ ಹೇಳುವಾಗ ಒಂದೇ ಕಡೆ ದೊಡ್ಡ ಒತ್ತು ಬೀಳುತ್ತದೆ. ಬಿಡಿಸಿದರೆ ಎರಡು ಕಡೆ ಬೀಳುತ್ತದೆ. ಹಾಗಾಗಿ ತಪ್ಪು ಬರೆದದ್ದನ್ನು ನೋಡಿದರೆ ಅವರಿಗೆ ಅದು ತಪ್ಪಾಗಿಯೇ ಕೇಳಿಸುತ್ತದೆ.

ಸರಿ, ಸೇರಿಸಿಯೇ ಬರೆದೆವು ಅಂತಿಟ್ಟುಕೊಳ್ಳಿ. ಆಗ ಪದ ಉದ್ದವಾಗುತ್ತದೆ. ಅವರ ಉದ್ದ ಪದಗಳ ಪೈಕಿ ಹೆಸರುವಾಸಿಯಾದದ್ದು ಇದು, ಉಸಿರು ಬಿಗಿ ಹಿಡಿಯಿರಿ: ‘ಮಿನೊರಿತೇತ್ಸ್‌ಲಾದ್ನಿಂಗ್ಸ್‌ಬ್ಯಾರರ್‌ದಿಫುಶೂನ್ಸ್‌ಕೊಎಫಿಸಿಯೆಂತ್‌ಮೋಲಿಂಗ್ಸ್‌ಅಪ್ಪರಾತೂರ್’. ಅವರ ಲಿಪಿಯಲ್ಲಿ 60 ಅಕ್ಷರ. ಅರೆವಾಹಕಗಳಲ್ಲಿ ಕಡಿಮೆ ಸಂಖ್ಯೆಯಲ್ಲಿರುವ ವಿದ್ಯುತ್ ವಾಹಕಗಳು ಎಷ್ಟು ಬೇಗ ಹರಡುತ್ತವೆ ಅಂತ ಅಳೆಯುವ ಉಪಕರಣ. ಇದನ್ನು ಯಾರೂ ದಿನಾ ಬಳಸುವುದಿಲ್ಲ, ತೋರಿಸಿ ಖುಷಿಪಡುವುದಕ್ಕೇ ಇರುವ ಪದ. ಆದರೆ ಮೂವತ್ತು ಮೂವತ್ತೈದು ಅಕ್ಷರದ ಪದಗಳು ಪೇಪರಿನಲ್ಲಿ ದಿನಾ ಬರುತ್ತವೆ. ಮಾನವ ಹಕ್ಕು ಸಂಘಟನೆಗಳು ಅನ್ನುವುದಕ್ಕೇ ಮೂವತ್ತಕ್ಕೂ ಜಾಸ್ತಿ ಅಕ್ಷರ. ಪೇಪರಿನ ಕಾಲಂ, ಮೊಬೈಲಿನ ಪರದೆ ಎರಡೂ ಕಿರಿದು. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ಎಲ್ಲಿ ಕತ್ತರಿಸಬೇಕು?

ಬಿಡಿ ಪದಕ್ಕೆ ಸುಲಭದ ನಿಯಮವಿದೆ. ಒಂದೇ ಒಂದು ವ್ಯಂಜನ ಕೆಳಗಿನ ಸಾಲಿಗೆ ಇಳಿಯಬೇಕು. ಹುಡುಗಿ ಅನ್ನುವುದಕ್ಕೆ ‘ಯೆಂತೆ’: ‘ಯೆನ್’ ಮೇಲೆ, ‘ತೆ’ ಕೆಳಗೆ. ಅಕ್ಕ ತಂಗಿ ಅನ್ನುವುದಕ್ಕೆ ‘ಸೋಸ್ತರ್’: ‘ಸೋಸ್’ ಮೇಲೆ, ‘ತರ್’ ಕೆಳಗೆ. ‘ಕಫ್ಫೆ’ಯಲ್ಲಿ ಎರಡು ಎಫ್ ಇದೆಯಲ್ಲಾ, ಮೇಲೊಂದು, ಕೆಳಗೊಂದು. ಇಷ್ಟೇ ಆಗಿದ್ದರೆ ನಾನು ಇವತ್ತು ಇಲ್ಲಿ ಮಾತಾಡುತ್ತಿರಲಿಲ್ಲ.

ಸಮಾಸ ಪದಕ್ಕೆ ಬಂದಾಗ ಈ ನಿಯಮ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿ ಮೊದಲು ನೋಡಬೇಕಾದದ್ದು ಗಂಟು. ಪದ ಎಲ್ಲಿ ಸೇರಿದೆಯೋ ಅಲ್ಲೇ ಕತ್ತರಿ. ‘ಸೂಲ್‌ಶಿನ್’ ಅಂದರೆ ಬಿಸಿಲು. ‘ಸೂಲ್’ ಸೂರ್ಯ, ‘ಶಿನ್’ ಬೆಳಕು. ಆ ‘ಶ’ ಸದ್ದನ್ನು ಇಲ್ಲಿ ಎಸ್, ಕೆ ಎರಡು ಅಕ್ಷರ ಸೇರಿಸಿ ಬರೆಯುತ್ತಾರೆ. ಈಗ ಒಂದು ವ್ಯಂಜನದ ನಿಯಮ ಹಾಕಿ ನೋಡಿ. ಎಲ್, ಎಸ್ ಮೇಲೆ ಉಳಿಯುತ್ತವೆ, ಕೆ ಒಂದೇ ಕೆಳಗೆ ಹೋಗುತ್ತದೆ. ಕೆಳಗೆ ಉಳಿದ ತುಂಡಿಗೆ ಅವರ ಭಾಷೆಯಲ್ಲಿ ‘ಕೆನ್ನೆ’ ಅಂತ ಅರ್ಥ. ಬಿಸಿಲು ಹೋಗಿ ಸೂರ್ಯನ ಕೆನ್ನೆ ಆಯಿತು. ಕವಿತೆಗೆ ಚೆನ್ನಾಗಿದೆ, ಹವಾಮಾನ ವರದಿಗೆ ಆಗುವುದಿಲ್ಲ.

ಇನ್ನೊಂದು, ಕಾರಿನ ಬಿಡಿಭಾಗಗಳು. ‘ಬೀಲ್’ ಅಂದರೆ ಕಾರು, ‘ದೇಲರ್’ ಅಂದರೆ ಭಾಗಗಳು. ‘ಬೀಲ್’ ಆದಮೇಲೆ ಕತ್ತರಿಸಿದರೆ ಚೆನ್ನ. ಆದರೆ ‘ದೇಲರ್’ ಒಳಗೂ ಕತ್ತರಿಸಬಹುದು, ನಿಯಮದ ಪ್ರಕಾರ ಅದೇನೂ ತಪ್ಪಲ್ಲ. ಹಾಗೆ ಮಾಡಿದರೆ ಮೇಲಿನ ಸಾಲಿನ ಕೊನೆಗೆ ಕಣ್ಣಿಗೆ ಬೀಳುವುದು ‘ಬಿಲ್ದೆ’, ಅಂದರೆ ಚಿತ್ರ. ಕೆಳಗೆ ‘ಲೇರ್’, ಅಂದರೆ ನಗುತ್ತದೆ. ಗ್ಯಾರೇಜಿನ ಜಾಹೀರಾತು ಓದಲು ಹೋದವನು ‘ಚಿತ್ರ ನಗುತ್ತದೆ’ ಅಂತ ಓದಿ ಒಂದು ಕ್ಷಣ ತಬ್ಬಿಬ್ಬಾಗುತ್ತಾನೆ. ಸರಿಯಾದ ನಿಯಮವೂ ಓದುಗನನ್ನು ದಾರಿ ತಪ್ಪಿಸಬಹುದು ಅಂತ ನನಗೆ ಗೊತ್ತಾದದ್ದು ಇದರಿಂದ.

ಗಂಟು ಒಂದೇ ಇದ್ದರೆ ಇಷ್ಟು. ಎರಡಿದ್ದರೆ? ಆಗ ದೊಡ್ಡ ಗಂಟು ಯಾವುದು, ಚಿಕ್ಕದು ಯಾವುದು ಅಂತ ಗೊತ್ತಿರಬೇಕು. ಇದಕ್ಕೆ ಭಾಷೆಯೇ ಒಂದು ಸುಳಿವು ಕೊಡುತ್ತದೆ, ನೋಡಿ ಎಷ್ಟು ಚೆನ್ನಾಗಿದೆ. ವೈನ್ ಲೋಟಕ್ಕೆ ‘ವೀನ್‌ಗ್ಲಾಸ್’ ಅನ್ನುತ್ತಾರೆ. ಕೆಂಪು ವೈನಿಗೆ ‘ರೋವೀನ್’. ಕೆಂಪು ವೈನ್ ಲೋಟಕ್ಕೆ ಏನನ್ನಬೇಕು? ‘ರೋವೀನ್‌ಗ್ಲಾಸ್’ ಅಲ್ಲ, ‘ರೋವೀನ್ಸ್‌ಗ್ಲಾಸ್’. ನಡುವೆ ಒಂದು ಎಸ್ ಬಂದು ಕೂತಿತು. ಮೊದಲ ಭಾಗವೇ ಒಂದು ಸಮಾಸವಾಗಿದ್ದರೆ ಸಾಮಾನ್ಯವಾಗಿ ಹೀಗೆ ಒಂದು ಎಸ್ ಬರುತ್ತದೆ. ‘ದೊಡ್ಡ ಗಂಟು ಇಲ್ಲಿದೆ’ ಅಂತ ಗುರುತು ಹಾಕಿದ ಹಾಗೆ. ಆ ಎಸ್ ಯಾವಾಗಲೂ ಮೇಲಿನ ಸಾಲಿನಲ್ಲೇ ಉಳಿಯುತ್ತದೆ.

ಆದರೆ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ನಾರ್ವೆಯ ಭಾಷಾ ಮಂಡಳಿ ಪ್ರತಿ ವರ್ಷ ಒಂದು ‘ವರ್ಷದ ಪದ’ ಆರಿಸುತ್ತದೆ. ಅದರ ಹೆಸರು ಸ್ಪ್ರೋಕ್‌ರೋದೆ, ಅದೂ ಸಮಾಸವೇ. 2018ರಲ್ಲಿ ಆರಿಸಿದ್ದು ‘ಶೆಬ್ನೆಲಾನ್ಸ್‌ಮೋತೆ’. ಒಂದು ರಾಜಕೀಯ ಪಕ್ಷ ತನ್ನ ಹಣೆಬರಹ ತೀರ್ಮಾನಿಸಲು ಕರೆದ ಸಭೆಗೆ ಹುಟ್ಟಿದ ಪದ. ‘ಶೆಬ್ನೆ’ ಅಂದರೆ ವಿಧಿ, ‘ಲಾನ್ಸ್‌ಮೋತೆ’ ಅಂದರೆ ಪಕ್ಷದ ರಾಷ್ಟ್ರೀಯ ಅಧಿವೇಶನ. ಎಸ್ ನೋಡಿಕೊಂಡು ‘ಲಾನ್ಸ್’ ಆದಮೇಲೆ ಕತ್ತರಿಸಿದರೆ ‘ವಿಧಿದೇಶದ ಸಭೆ’ ಅನ್ನುವ ಹಾಗೆ ಓದಿಸಿಕೊಳ್ಳುತ್ತದೆ. ಇಲ್ಲಿ ದೊಡ್ಡ ಗಂಟು ‘ಶೆಬ್ನೆ’ ಆದಮೇಲೆ. ಎಸ್ ಇರುವುದು ಚಿಕ್ಕ ಗಂಟಿನಲ್ಲಿ. ಅಂದರೆ ಅಕ್ಷರ ನೋಡಿದರೆ ಸಾಲದು, ಪದ ಹುಟ್ಟಿದ ಕಥೆಯೂ ಗೊತ್ತಿರಬೇಕು.

ಈಗ ಕಿವಿಯ ಕಡೆ ಬರೋಣ. ಈ ಭಾಗ ಹೇಳುವಾಗ ನನಗೆ ಸ್ವಲ್ಪ ಹೆಮ್ಮೆ. ಕನ್ನಡದವರಿಗೆ ತಟ್ಟನೆ ಕೇಳಿಸುವ ವಿಷಯ ಇದು, ಇಂಗ್ಲಿಷಿನವರು ತಿಂಗಳುಗಟ್ಟಲೆ ಒದ್ದಾಡುತ್ತಾರೆ.

ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರಲ್ಲಾ, ಅದಕ್ಕೆ ‘ಸೊಮ್ಮರ್‌ತೀದ್’ ಅಂತ ಹೆಸರು. ‘ಸೊಮ್ಮರ್’ ಬೇಸಿಗೆ, ‘ತೀದ್’ ಸಮಯ. ನಾರ್ವೆಯವರ ಟಿ ಅಕ್ಷರ ನಮ್ಮ ‘ತ’ ಥರ, ನಾಲಿಗೆ ಹಲ್ಲಿಗೆ ತಾಗುತ್ತದೆ. ಆದರೆ ಓಸ್ಲೋ ಕಡೆಯವರ ಬಾಯಲ್ಲಿ ಆರ್ ಆದಮೇಲೆ ಟಿ ಬಂದರೆ ಎರಡೂ ಕರಗಿ ‘ಟ’ ಆಗುತ್ತದೆ. ಅಪ್ಪಟ ನಮ್ಮ ‘ಟ’! ಅವರು ಹೇಳುವುದು ‘ಸೊಮ್ಮಟೀದ್’. ಹಾಗೇ ಆರ್ ಆದಮೇಲೆ ಎನ್ ಬಂದರೆ ‘ಣ’. ಶಿಶುವಿಹಾರಕ್ಕೆ ಬರೆಯುವುದು ‘ಬಾರ್ನೆಹಾಗೆ’, ಹೇಳುವುದು ‘ಬಾಣೆಹಾಗೆ’. ಆರ್ ಆದಮೇಲೆ ಎಸ್ ಬಂದರೆ ‘ಷ’. ಚಳಿಗಾಲದ ಸೂರ್ಯ ‘ವಿಂತರ್‌ಸೂಲ್’, ಬಾಯಲ್ಲಿ ‘ವಿಂತಷೂಲ್’. ಮೊದಲ ಸಲ ಕೇಳಿದಾಗ ಪಾಪದ ಸೂರ್ಯ ಯಾಕೆ ಶೂಲವಾದ ಅಂತ ಯೋಚಿಸಿದ್ದೆ.

‘ಸೊಮ್ಮಟೀದ್’ ಎಂಬ ಸದ್ದಿನಲ್ಲಿ ಗಂಟು ಎಲ್ಲಿದೆ ಹೇಳಿ? ಆ ‘ಟ’ದ ಒಳಗೇ ಇದೆ. ಮೊದಲ ಪದದ ಕೊನೆ, ಎರಡನೇ ಪದದ ಮೊದಲು, ಎರಡೂ ಒಂದೇ ಸದ್ದಿನಲ್ಲಿ ಕರಗಿವೆ. ಬಾಯಿ ಅದನ್ನು ‘ಸೊಮ್ಮ, ಟೀದ್’ ಅಂತ ಒಡೆಯುತ್ತದೆ. ಆದರೆ ಬರೆಯುವಾಗ ಹೈಫನ್ ಬೀಳುವುದು ಆರ್ ಮತ್ತು ಟಿ ನಡುವೆ, ಅಂದರೆ ಬಾಯಿಗೆ ಒಂದಾಗಿರುವ ಸದ್ದನ್ನು ಸೀಳಿಕೊಂಡು.

ಇದೆಂಥಾ ವಿಚಿತ್ರ ಅಂತ ನನಗೂ ಅನ್ನಿಸಿತ್ತು, ಓಸ್ಲೋದಿಂದ ಬೆರ್ಗೆನ್‌ಗೆ ರಾತ್ರಿ ರೈಲಿನಲ್ಲಿ ಹೋಗುವ ತನಕ. ಬೆಳಗ್ಗೆ ಇಳಿದು ಕಾಫಿ ಅಂಗಡಿಗೆ ಹೋದರೆ ಅಲ್ಲಿ ಆ ‘ಟ’ ಇಲ್ಲ, ‘ಣ’ ಇಲ್ಲ, ‘ಷ’ ಇಲ್ಲ. ಬೆರ್ಗೆನ್ ಕಡೆಯವರು ‘ರ’ವನ್ನು ಗಂಟಲಿನಿಂದ ಹೇಳುತ್ತಾರೆ, ಫ್ರೆಂಚರ ಹಾಗೆ. ಗಂಟಲಿನ ‘ರ’ ನಾಲಿಗೆಯ ‘ತ’ದ ಜೊತೆ ಕರಗುವುದಿಲ್ಲ. ಅವರದು ‘ಸೊಮ್ಮರ್, ತೀದ್’, ಬಿಡಿಬಿಡಿ. ಸದ್ದು ನೋಡಿ ಕತ್ತರಿಸಿದರೆ ಓಸ್ಲೋಗೊಂದು ಹೈಫನ್, ಬೆರ್ಗೆನ್‌ಗೊಂದು ಹೈಫನ್ ಬೇಕಾಗುತ್ತದೆ. ಗಂಟು ನೋಡಿ ಕತ್ತರಿಸಿದರೆ ಇಬ್ಬರಿಗೂ ಒಂದೇ. ಊರಿಗೊಂದು ಮಾತು, ಮೇಲೆ ಬೂಕ್‌ಮೋಲ್, ನ್ಯೂನೊರ್ಸ್ಕ್ ಅಂತ ಎರಡು ಬರವಣಿಗೆಯ ಭಾಷೆ ಇರುವ ದೇಶದಲ್ಲಿ ಇದು ಸಣ್ಣ ವಿಷಯವಲ್ಲ.

ರಾತ್ರಿ ರೈಲು ಅಂದೆನಲ್ಲಾ, ಅದರ ಹೆಸರಿನಲ್ಲೇ ನನ್ನ ಕರಪತ್ರದ ಉತ್ತರ ಇತ್ತು. ರಾತ್ರಿಗೆ ‘ನತ್ತ್’, ಕೊನೆಗೆ ಎರಡು ಟಿ. ರೈಲಿಗೆ ‘ತೋಗ್’, ಮೊದಲಿಗೆ ಒಂದು ಟಿ. ಸೇರಿಸಿದರೆ ಮೂರು ಟಿ ಬರಬೇಕು. ಆದರೆ ಒಂದೇ ಅಕ್ಷರ ಮೂರು ಸಲ ಸಾಲಾಗಿ ನಿಲ್ಲುವುದು ನಾರ್ವೇಜಿಯನ್ನಿಗೆ ಇಷ್ಟವಿಲ್ಲ. ಒಂದನ್ನು ಕೈಬಿಟ್ಟು ಎರಡೇ ಟಿ ಹಾಕಿ ‘ನತ್ತೋಗ್’ ಅಂತ ಬರೆಯುತ್ತಾರೆ. ಸಾಲಿನ ಕೊನೆಯಲ್ಲಿ ಪದ ಒಡೆದರೆ ಮಾತ್ರ ಕೈಬಿಟ್ಟ ಅಕ್ಷರ ವಾಪಸ್ ಬರುತ್ತದೆ! ಮೇಲೆ ಎರಡು ಟಿ, ಹೈಫನ್, ಕೆಳಗೆ ಮೂರನೇ ಟಿ. ಬಸ್ ಡ್ರೈವರಿಗೂ ಹಾಗೇ, ‘ಬುಸ್‌ಶೊಫೋರ್’. ಸೇರಿಸಿ ಬರೆದಾಗ ಎರಡು ಎಸ್, ಒಡೆದಾಗ ಮೂರು. ಟ್ರಾಫಿಕ್ ಗೊಂದಲ ಅನ್ನುವುದಕ್ಕೆ ಪೇಪರಿನವರು ಬರೆಯುವ ‘ತ್ರಫಿಕ್ಕಾಓಸ್’ನಲ್ಲಿ ಒಂದು ಕೆ ಅಡಗಿರುತ್ತದೆ.

ನಮ್ಮ ಆದೇಶ ಸಂಧಿ ನೆನಪು ಮಾಡಿಕೊಳ್ಳಿ. ಮಳೆ, ಕಾಲ ಸೇರಿ ಮಳೆಗಾಲ. ಸಾಲಿನ ಕೊನೆಯಲ್ಲಿ ಒಡೆದರೂ ‘ಗಾಲ’ ಅಂತಲೇ ಕೆಳಗೆ ಬರುತ್ತದೆ, ‘ಕಾಲ’ ಅಂತ ತಿದ್ದುವುದಿಲ್ಲ. ಸಂಧಿ ಆದಮೇಲೆ ಆಯಿತು. ಅವರು ಹಾಗಲ್ಲ. ಬಿಡಿಸಿದಾಗ ಅವರವರ ಆಸ್ತಿ ಅವರವರಿಗೆ.

ಈಗ ಮುಸಿಕ್ಕೊರ್ಪ್ಸ್‌ಗೆ ಬನ್ನಿ. ನಾರ್ವೆಯಲ್ಲಿ ಸಂಗೀತ ಅನ್ನುವ ಪದದ ಕೊನೆಗೆ ಎರಡು ಕೆ. ಡೇನಿಶ್‌ನಲ್ಲಿ ಒಂದೇ ಕೆ. ಮೊದಲು ನಾರ್ವೆಯವರೂ ಡೇನಿಶ್‌ನಲ್ಲೇ ಬರೆಯುತ್ತಿದ್ದರು. 1814 ಆದಮೇಲೂ ಎಷ್ಟೋ ದಶಕ ಹಾಗೇ ಇತ್ತು. 20ನೇ ಶತಮಾನದ ಶುರುವಿನಲ್ಲಿ ಕಾಗುಣಿತ ತಿದ್ದಿದಾಗ, ಗಿಡ್ಡ ಸ್ವರ ಆದಮೇಲೆ ಪದದ ಕೊನೆಯಲ್ಲೂ ವ್ಯಂಜನವನ್ನು ಎರಡು ಸಲ ಬರೆಯುವ ರೂಢಿ ಬಂತು. ಡೇನಿಶರು ಟೋಪಿಗೆ ಒಂದು ಟಿ ಹಾಕಿದರೆ ಇವರು ಎರಡು ಹಾಕುತ್ತಾರೆ. ಧನ್ಯವಾದಕ್ಕೆ ಅವರದು ಒಂದು ಕೆ, ಇವರದು ಎರಡು. (ಎಂ ಅಕ್ಷರಕ್ಕೆ ಮಾತ್ರ ಸಾಮಾನ್ಯವಾಗಿ ಈ ಭಾಗ್ಯ ಇಲ್ಲ, ಕೊನೆಯಲ್ಲಿ ಅದು ಒಂಟಿ.) ಈ ಮೂರು ಅಕ್ಷರದ ತಾಪತ್ರಯ ಇಷ್ಟು ಕಡೆ ಎದುರಾಗುವುದು ಈ ರೂಢಿಯಿಂದಲೇ.

ಹಾಗಾಗಿ ಬ್ಯಾಂಡ್ ಅನ್ನುವ ಪದವನ್ನು ಸೇರಿಸಿ ಬರೆದಾಗ ಡೇನಿಶ್, ನಾರ್ವೇಜಿಯನ್ ಎರಡರಲ್ಲೂ ಅದು ಹೆಚ್ಚುಕಡಿಮೆ ಇಲ್ಲದೆ ಒಂದೇ ಥರ ಕಾಣುತ್ತದೆ. ನಡುವೆ ಎರಡು ಕೆ. ಡೇನಿಶರದು ಒಂದು ಮತ್ತು ಒಂದು ಸೇರಿ ಎರಡು. ನಾರ್ವೆಯದು ಎರಡು ಮತ್ತು ಒಂದು ಸೇರಿ ಮೂರಾಗಿ, ಒಂದು ಉದುರಿ ಎರಡು. ಲೆಕ್ಕ ಬೇರೆ, ಉತ್ತರ ಒಂದೇ. ವ್ಯತ್ಯಾಸ ಹೊರಗೆ ಬೀಳುವುದು ಪದ ಒಡೆದಾಗ ಮಾತ್ರ. ನಾರ್ವೆಯವರು ಮೇಲಿನ ಸಾಲಿಗೆ ಎರಡು ಕೆ ಹಾಕುತ್ತಾರೆ, ಡೇನಿಶರು ಒಂದು. ನನ್ನ ಕಂಪ್ಯೂಟರ್ ಒಂದು ವ್ಯಂಜನದ ನಿಯಮ ಹಾಕಿ, ಮೇಲೊಂದು ಕೆಳಗೊಂದು ಹಂಚಿತ್ತು. ಆ ಟೀಚರಮ್ಮ ಹೇಳಿದ್ದು ಅಕ್ಷರಶಃ ನಿಜ.

ಕಂಪ್ಯೂಟರನ್ನೂ ಪೂರ್ತಿ ಬೈಯುವ ಹಾಗಿಲ್ಲ. ಅದಕ್ಕೆ ಪದ ಒಡೆಯುವುದನ್ನು ಕಲಿಸಿದ ಒಂದು ಹೆಸರಾಂತ ವಿಧಾನ 1983ರದು. ಸ್ಟ್ಯಾನ್‌ಫರ್ಡ್‌ನಲ್ಲಿ ಡೊನಾಲ್ಡ್ ಕನೂತ್ ಅವರ ವಿದ್ಯಾರ್ಥಿ ಫ್ರಾಂಕ್ ಲಿಯಾಂಗ್, ಟೆಕ್ ಎಂಬ ಅಚ್ಚುಜೋಡಿಸುವ ತಂತ್ರಾಂಶಕ್ಕಾಗಿ ಮಾಡಿದ್ದು. ಉಪಾಯ ಸರಳ. ಮೂರು ನಾಲ್ಕು ಅಕ್ಷರದ ಚಿಕ್ಕ ಚಿಕ್ಕ ತುಂಡುಗಳ ಪಟ್ಟಿ. ಪ್ರತಿ ತುಂಡಿನಲ್ಲಿ ಅಕ್ಷರಗಳ ನಡುವೆ ಒಂದು ಅಂಕಿ. ಬೆಸ ಅಂಕಿ ಇದ್ದರೆ ಕತ್ತರಿಸಬಹುದು, ಸಮ ಅಂಕಿ ಇದ್ದರೆ ಬೇಡ. ಎರಡು ತುಂಡುಗಳ ಮಾತು ಹೊಂದದಿದ್ದರೆ ದೊಡ್ಡ ಅಂಕಿಯ ಮಾತು ನಡೆಯುತ್ತದೆ. ಮನೆಯಲ್ಲಿ ಹಿರಿಯರ ಮಾತು ನಡೆದ ಹಾಗೆ. ಅಮೆರಿಕದ ಇಂಗ್ಲಿಷಿಗೆ 4447 ತುಂಡು ಸಾಕಾದವು. ನಿಘಂಟಿನಲ್ಲಿ ಒಡೆಯಬಹುದಾದ ಜಾಗಗಳಲ್ಲಿ ಸುಮಾರು 89 ಶೇಕಡಾ ಅದರಲ್ಲೇ ಸಿಗುತ್ತಿದ್ದವು.

ಈ ಉಪಾಯವನ್ನು ನಾರ್ವೇಜಿಯನ್ನಿಗೂ ಹೊಂದಿಸಿದ್ದಾರೆ, ತುಂಬಾ ಕಷ್ಟಪಟ್ಟು, ತುಂಬಾ ಚೆನ್ನಾಗಿ. ಆದರೆ ಎರಡು ಕಷ್ಟಗಳು ಉಳಿದೇ ಉಳಿಯುತ್ತವೆ. ಒಂದು, ಹೊಸ ಪದ. 2019ರ ವರ್ಷದ ಪದ ‘ಕ್ಲೀಮಾಬ್ರೋಲ್’, ಹವಾಮಾನಕ್ಕಾಗಿ ಜನ ಬೀದಿಗಿಳಿದು ಹಾಕಿದ ಘರ್ಜನೆ. ಹಿಂದಿನ ವರ್ಷದ ಯಾವ ನಿಘಂಟಿನಲ್ಲಿ ಅದನ್ನು ಹುಡುಕುತ್ತೀರಿ? ಬೆಳಗ್ಗೆ ಹುಟ್ಟಿದ ಪದ ಸಂಜೆ ಪೇಪರಿನ ತಲೆಬರಹ. ಎರಡು, ಆ ಮೂರನೇ ಅಕ್ಷರ. ಲಿಯಾಂಗ್ ವಿಧಾನ ಹೈಫನ್ ಹಾಕಬಲ್ಲದು, ಇಲ್ಲದ ಅಕ್ಷರ ಸೇರಿಸಲಾರದು. ಟೆಕ್ ಬಳಸುವ ನಾರ್ವೆಯವರು ಇದಕ್ಕೊಂದು ಗುಟ್ಟಿನ ಗುರುತು ಇಟ್ಟುಕೊಂಡಿದ್ದಾರೆ. ಜೋಡಿ ಅಕ್ಷರದ ಮುಂದೆ ಒಂದು ಡಬಲ್ ಕೋಟ್ ಹಾಕಿದರೆ, ಒಡೆದಾಗ ಅಕ್ಷರ ವಾಪಸ್ ಬರುತ್ತದೆ. ಆದರೆ ಬರೆಯುವವನು ನೆನಪಿಟ್ಟು ಹಾಕಬೇಕು. ಆಮೇಲೆ, 2000ರ ದಶಕದಲ್ಲಿ, ಓಪನ್ ಆಫೀಸ್ ಎಂಬ ತಂತ್ರಾಂಶದಲ್ಲಿ ಪದ ಒಡೆಯುವ ಭಾಗಕ್ಕೆ ಹಂಗೇರಿಯ ಲಾಸ್ಲೋ ನೇಮೆತ್ ಅಕ್ಷರ ಬದಲಿಸುವ ಸೌಲಭ್ಯ ಸೇರಿಸಿದರು. ಹಂಗೇರಿಯನ್ನಿಗೂ ಇದೇ ಥರದ ಕಾಯಿಲೆ ಇದೆ. ತಲೆನೋವು ಇದ್ದವನೇ ಮಾತ್ರೆ ಹುಡುಕುವುದು, ಅಲ್ವಾ?

ಜರ್ಮನರು ಮಾತ್ರ ಸುಮ್ನೆ ಗಲಾಟೆಯೇ ಬೇಡ ಅಂದರು. ಮೊದಲು ಅವರೂ ಹಡಗು ಸಂಚಾರ ಅನ್ನುವ ಪದದಲ್ಲಿ ಎರಡು ಎಫ್ ಬರೆದು, ಒಡೆದಾಗ ಮೂರು ಮಾಡುತ್ತಿದ್ದರು. 1996ರ ಸುಧಾರಣೆಯಲ್ಲಿ ಯಾವಾಗಲೂ ಮೂರನ್ನೂ ಬರೆಯಿರಿ ಅಂತ ಮಾಡಿಬಿಟ್ಟರು. ನೋಡಲು ಚೆನ್ನಾಗಿಲ್ಲ, ಆದರೆ ಏನೂ ಅಡಗಿಲ್ಲ. ನನ್ನ ಒಳಗಿನ ಇಂಜಿನಿಯರ್ ಜರ್ಮನರ ಕಡೆ, ಮನಸ್ಸು ನಾರ್ವೆ ಕಡೆ.

ಮಾತು ಮುಗಿದ ಮೇಲೆ ಒಬ್ಬರು ಒಂದು ಪ್ರಶ್ನೆ ಕೇಳಿದರು: “ಇದನ್ನೆಲ್ಲಾ ಕನ್ನಡದಲ್ಲಿ ಬರೆದು ಹಾಕುತ್ತೀರಲ್ಲಾ, ಆಗ ಸಾಲಿನ ಕೊನೆಗೆ ಮುಸಿಕ್ಕೊರ್ಪ್ಸ್ ಬಂದರೆ ಏನು ಮಾಡುತ್ತೀರಿ?” ಅಲ್ಲಿ ನಕ್ಕು ತಪ್ಪಿಸಿಕೊಂಡೆ. ಮನೆಗೆ ಬಂದು ಇದನ್ನು ಟೈಪ್ ಮಾಡುವಾಗ ಒಡೆದು ನೋಡಿದೆ. ನಮ್ಮ ಲಿಪಿಯಲ್ಲಿ ಒತ್ತಕ್ಷರವನ್ನು ಸೀಳುವ ಹಾಗಿಲ್ಲ. ಹಾಗಾಗಿ ಮೇಲಿನ ಸಾಲಿನಲ್ಲಿ ‘ಮುಸಿ’ ಉಳಿಯಿತು. ‘ಕ್ಕೊರ್ಪ್ಸ್’ ಇಡಿಯಾಗಿ ಕೆಳಗೆ ಬಂತು. ಡೇನಿಶ್‌ಗೆ ಒಂದಾದರೂ ಕೆ ಮೇಲಿತ್ತು, ಕನ್ನಡದಲ್ಲಿ ಅದೂ ಇಲ್ಲ. ಹಾಗಾದಲ್ಲೆಲ್ಲಾ ಒತ್ತು ಬಿಡಿಸಿ ‘ಮುಸಿಕ್‌ಕೊರ್ಪ್ಸ್’ ಅಂತ ಮಾಡೋಣ ಅಂದುಕೊಂಡೆ. ಆದರೆ ಓದುವವರ ಪರದೆಯಲ್ಲಿ ಸಾಲು ಎಲ್ಲಿ ಮುಗಿಯುತ್ತದೋ ನನಗೇನು ಗೊತ್ತು. ನಿಮ್ಮ ಮೊಬೈಲಿನಲ್ಲಿ ಎಲ್ಲಾದರೂ ಆ ಪದ ತುಂಡಾಗಿ ಕಂಡಿದ್ದರೆ, ದಯವಿಟ್ಟು ಆ ಟೀಚರಮ್ಮನಿಗೆ ಹೇಳಬೇಡಿ.